ಮಣಿಪುರಿ ಪ್ರೇಮಕಥೆ: ಯಾವ ಬಾಗಿಲಿಂದ ಒಳಗೆ ಹೋಗಬೇಕು?

ಈಗಿನ ಮಣಿಪುರಿ ಪ್ರೇಮಕಥೆಗಳಲ್ಲಿ ‘ಚೆನ್‌ಖ್ರೆ’ ಎಂಬ ಮಾತು ಮೇಲಿಂದ ಮೇಲೆ ಬರುತ್ತದೆ. ‘ಓಡಿಹೋದಳು’ ಎಂದು ಅರ್ಥ. ಕನ್ನಡದ ಕಿವಿಗೆ ಇದು ಬಿದ್ದ ಕೂಡಲೇ ಮನೆಯ ಮಾನ ಹೋಯಿತು, ಅಪ್ಪ ತಲೆ ತಗ್ಗಿಸಿದ, ತವರಿನ ಬಾಗಿಲು ಮುಚ್ಚಿತು ಎಂಬ ಚಿತ್ರ ತಾನಾಗಿ ಮೂಡುತ್ತದೆ. ಮಣಿಪುರ ಕಣಿವೆಯ ಮೈತೇಯಿ ಸಮಾಜದಲ್ಲಿ ‘ಚೆನ್ಬ’, ಅಂದರೆ ಓಡಿಹೋಗುವುದು, ಬೇರೆಯೇ ಸಂಗತಿ. ಅದು ಮದುವೆಗೆ ಹೋಗುವ ಒಂದು ಹಳೆಯ ದಾರಿ, ಊರಿಗೆಲ್ಲ ಗೊತ್ತಿರುವ ಕ್ರಮ. ಹುಡುಗ ಹುಡುಗಿಯನ್ನು ಕರೆದುಕೊಂಡು ಹೋಗಿ ಸಾಮಾನ್ಯವಾಗಿ ನೆಂಟರ ಅಥವಾ ಗೆಳೆಯರ ಮನೆಯಲ್ಲಿ ಉಳಿಸುತ್ತಾನೆ. ಅವನ ಕಡೆಯ ಹಿರಿಯರು ತಡಮಾಡದೆ ಹುಡುಗಿಯ ಮನೆಗೆ ಹೋಗಿ, ನಿಮ್ಮ ಮಗಳು ನಮ್ಮಲ್ಲಿದ್ದಾಳೆ ಎಂದು ತಿಳಿಸಬೇಕು. ಇದಕ್ಕೆ ‘ಹಾಯ್ದೊಕ್ಪ’ ಎನ್ನುತ್ತಾರೆ. ಅವರು ಒಪ್ಪಿದರೆ ಹುಡುಗಿಯನ್ನು ತವರಿಗೆ ಕಳಿಸಿ, ಹಣ್ಣು ಸಿಹಿತಿಂಡಿಗಳ ‘ಹೈಜಿಂಗ್‌ಪೋತ್’ ಒಯ್ದು, ‘ಲುಹೊಂಗ್ಬ’ ಎಂಬ ಪೂರ್ಣ ಮದುವೆ ಮಾಡುತ್ತಾರೆ. ಒಪ್ಪದಿದ್ದರೆ, ಅಥವಾ ಕೈಯಲ್ಲಿ ಹಣವಿಲ್ಲದಿದ್ದರೆ, ‘ಲೌಖತ್ಪ’ ಎಂಬ ಸರಳ ಶಾಸ್ತ್ರ ಮುಂದೆಂದೋ ಆಗುತ್ತದೆ. ಕೆಲವೊಮ್ಮೆ ಮಕ್ಕಳಾದ ಮೇಲೆ.

ಹೀಗಾಗಿ ಕಥೆ ಬಿಗಿಯಾಗುವುದು ಓಡುವ ರಾತ್ರಿಯಲ್ಲಲ್ಲ, ಹಾಯ್ದೊಕ್ಪಕ್ಕೆ ಹೋದವರು ಹುಡುಗಿಯ ಮನೆಯ ಅಂಗಳದಲ್ಲಿ ಕುಳಿತಿರುವ ಹೊತ್ತಿನಲ್ಲಿ. ಹೊರಗೆ ರಾತ್ರಿ ಕಳೆದ ಹುಡುಗಿ ಮದುವೆಯಿಲ್ಲದೆ ಮನೆಗೆ ಮರಳಿದರೆ ಕಳಂಕ ಹತ್ತುವುದು ಆಗ. ಇದು ಗೊತ್ತಿಲ್ಲದೆ ಓದಿದವರಿಗೆ ಆ ಅಂಗಳದ ದೃಶ್ಯ ಸುಮ್ಮನೆ ಹಿರಿಯರ ಮಾತುಕತೆಯಾಗಿ ಕಾಣುತ್ತದೆ, ಪುಟ ತಿರುವಿಬಿಡುತ್ತಾರೆ.

ಆದ್ದರಿಂದ ಮಣಿಪುರಿ ಪ್ರೇಮಕಥೆಯನ್ನು ಮೊದಲ ಸಲ ಓದುವವರು ಯಾವುದು ಜನಪ್ರಿಯ, ಯಾವುದು ಚಿಕ್ಕದು ಎಂದು ಆರಿಸುವುದಕ್ಕಿಂತ, ಇಂಥ ಒಳಗುಟ್ಟನ್ನು ಯಾವ ಪುಸ್ತಕ ತಾನೇ ಬಿಡಿಸಿ ಹೇಳುತ್ತದೆ, ಯಾವುದು ನಿಮಗೆ ಗೊತ್ತಿದೆ ಎಂದುಕೊಂಡು ಮುಂದೆ ಹೋಗುತ್ತದೆ ಎಂದು ನೋಡಿ ಆರಿಸುವುದು ಒಳ್ಳೆಯದು. ಮುಖ್ಯವಾಗಿ ಐದು ದಾರಿಗಳಿವೆ: ಖಂಬ–ಥೋಯಿಬಿಯ ಪುರಾತನ ಕಥೆ, 1930ರ ದಶಕದ ಮೊದಲ ಕಾದಂಬರಿಗಳು, ಬಿನೋದಿನಿ ಮತ್ತು ಅವರ ನಂತರದ ಲೇಖಕಿಯರು, ಫೋನಿನಲ್ಲಿ ಕಂತುಕಂತಾಗಿ ಬರುವ ಇಂದಿನ ಕಥೆಗಳು, ಮತ್ತು ರಂಗಭೂಮಿ, ಸಿನಿಮಾ.

ಇಲ್ಲಿ ‘ಮಣಿಪುರಿ’ ಎಂದರೆ ಮೈತೇಯಿಲೋನ್ ಭಾಷೆ. ಕಣಿವೆಯ ಮೈತೇಯಿಗಳದೂ, ಅಲ್ಲಿನ ಮುಸ್ಲಿಮರಾದ ಪಂಗಲರದೂ ಮಾತು ಇದೇ. 2011ರ ಜನಗಣತಿಯಲ್ಲಿ ಇದನ್ನು ಮಾತೃಭಾಷೆಯೆಂದು ಬರೆಸಿದವರು ಸುಮಾರು 17.6 ಲಕ್ಷ. ಸಂವಿಧಾನದ ಎಂಟನೆಯ ಅನುಸೂಚಿಗೆ ಇದು ಸೇರಿದ್ದು 1992ರಲ್ಲಿ, ಕೊಂಕಣಿ ಮತ್ತು ನೇಪಾಳಿಯ ಜೊತೆಗೆ. ಬೆಟ್ಟಗಳ ನಾಗಾ, ಕುಕಿ ಸಮುದಾಯಗಳಿಗೆ ತಮ್ಮವೇ ಭಾಷೆಗಳೂ ಪ್ರೇಮಕಥೆಗಳೂ ಇವೆ. ಅವನ್ನು ಇದರೊಳಗೆ ಸೇರಿಸಬಾರದು.

ಖಂಬ–ಥೋಯಿಬಿ: ಮೊದಲು ಓದಬೇಕು, ಆದರೆ ಪೂರ್ತಿ ಬೇಡ

ಲೋಕ್ತಾಕ್ ಸರೋವರದ ದಡದ ಮೊಯಿರಾಂಗ್ ಈ ಕಥೆಯ ನೆಲ. ಖಂಬ ತಂದೆತಾಯಿಯಿಲ್ಲದ ಬಡ ಹುಡುಗ. ಅಕ್ಕ ಖಮ್ನು ಅವನನ್ನು ಸಾಕಿದವಳು. ಥೋಯಿಬಿ ಅರಸನ ತಮ್ಮನ ಮಗಳು. ನಡುವೆ ನೋಂಗ್ಬನ್ ಎಂಬ ಪ್ರತಿಸ್ಪರ್ಧಿ. ಕಾವೊ ಎಂಬ ಮದಿಸಿದ ಗೂಳಿಯನ್ನು ಹಿಡಿಯುವುದು, ಹುಲಿಬೇಟೆ, ತಂದೆಯ ಮಾತು ಮೀರಿದ್ದಕ್ಕೆ ಥೋಯಿಬಿಗೆ ಗಡೀಪಾರು, ಎಲ್ಲವೂ ಇದರಲ್ಲಿ ಉಂಟು. ಪೆನಾ ಎಂಬ ಒಂಟಿ ತಂತಿಯ ವಾದ್ಯ ನುಡಿಸುತ್ತ ಹಾಡುವವರು ಇದನ್ನು ತಲೆಮಾರುಗಳಿಂದ ಹೇಳಿಕೊಂಡು ಬಂದಿದ್ದಾರೆ. ಹಿಜಾಮ್ ಅಂಗಾಂಘಲ್ 1940ರ ಸುಮಾರಿಗೆ ಇದನ್ನು ಮಹಾಕಾವ್ಯವಾಗಿ ಬರೆದರು. ಮೂವತ್ತು ಸಾವಿರಕ್ಕೂ ಹೆಚ್ಚು ಸಾಲುಗಳು.

ಅಷ್ಟು ಸಾಲನ್ನು ಮೊದಲ ಓದಿಗೆ ಹಿಡಿಯಬೇಡಿ. ಇಪ್ಪತ್ತು ಮೂವತ್ತು ಪುಟದ ಗದ್ಯರೂಪ ಸಾಕು. ಜಾನಪದ ಕಥೆಗಳ ಇಂಗ್ಲಿಷ್ ಸಂಕಲನಗಳಲ್ಲಿ ಸಿಗುತ್ತದೆ. ಆದರೆ ಎರಡು ದೃಶ್ಯಗಳು ಅದರಲ್ಲಿ ಇರಲೇಬೇಕು, ಇಲ್ಲದ ಪುಸ್ತಕ ಕೊಳ್ಳಬೇಡಿ.

ಒಂದು, ಗಡೀಪಾರಿನಿಂದ ಮರಳುವ ದಾರಿಯಲ್ಲಿ ಥೋಯಿಬಿಯನ್ನು ನೋಂಗ್ಬನ್ ಎದುರುಗೊಳ್ಳುತ್ತಾನೆ. ಅವಳು ಒಪ್ಪಿದವಳಂತೆ ನಟಿಸಿ, ಅವನದೇ ಕುದುರೆ ಏರಿ, ನೇರ ಖಂಬನ ಮನೆಗೆ ಓಡಿಸುತ್ತಾಳೆ. ಹುಡುಗ ಹುಡುಗಿಯನ್ನು ಕರೆದೊಯ್ಯುವುದಲ್ಲ, ಹುಡುಗಿಯೇ ಹುಡುಗನ ಮನೆಗೆ ಹೋಗಿ ಇಳಿಯುವುದು. ಇಂದಿನ ಕಥೆಗಳಲ್ಲಿ ನಾಯಕಿ ರಾತ್ರಿ ಸ್ಕೂಟಿ ಹತ್ತಿ ತಾನೇ ಹೊರಡುವ ದೃಶ್ಯ ಬಂದಾಗ ಮಣಿಪುರಿ ಓದುಗರ ಮನಸ್ಸಿನಲ್ಲಿ ಈ ಕುದುರೆ ಓಡುತ್ತಿರುತ್ತದೆ.

ಇನ್ನೊಂದು, ಕೊನೆ. ಮದುವೆಯಾದ ಮೇಲೆ ಖಂಬನಿಗೆ ಹೆಂಡತಿಯನ್ನು ಪರೀಕ್ಷಿಸುವ ಬುದ್ಧಿ ಬರುತ್ತದೆ. ರಾತ್ರಿ ಪರಪುರುಷನಂತೆ ದನಿ ಬದಲಿಸಿ ಗೋಡೆಯ ಸಂದಿಯಿಂದ ಅವಳನ್ನು ಕೆಣಕುತ್ತಾನೆ. ಒಳಗಿದ್ದವಳು ಕೂಗಿ ಅಳುವುದಿಲ್ಲ, ಈಟಿ ಎಸೆಯುತ್ತಾಳೆ. ಅದು ಗಂಡನಿಗೇ ನಾಟುತ್ತದೆ, ಅವಳೂ ಅದೇ ಈಟಿಯಿಂದ ಪ್ರಾಣ ಬಿಡುತ್ತಾಳೆ. ಹೆಣ್ಣಿನ ಮೇಲೆ ಸಂಶಯಪಟ್ಟ ಗಂಡನಿಗೆ ಇಷ್ಟು ನೇರ ಉತ್ತರ ಕೊಟ್ಟ ನಾಯಕಿ ನಮ್ಮ ಪುರಾಣಗಳಲ್ಲೂ ಅಪರೂಪ. ಮಕ್ಕಳಿಗೆಂದು ಮಾಡಿದ ಕೆಲವು ಆವೃತ್ತಿಗಳು ಮದುವೆಗೇ ಕಥೆ ನಿಲ್ಲಿಸುತ್ತವೆ. ಅಂಥವನ್ನು ಓದಿದರೆ, ಮುಂದೆ ಆಧುನಿಕ ಕಥೆಯಲ್ಲಿ ಬರುವ ‘ಪರೀಕ್ಷೆ’ ಪ್ರಸಂಗಗಳ ನೋವು ತಟ್ಟುವುದಿಲ್ಲ.

ಇದಕ್ಕೆ ಎದುರಾಗಿ ಇನ್ನೊಂದು ಬೇರು ಇದೆ: ವೈಷ್ಣವ ಭಕ್ತಿ. ಹದಿನೆಂಟನೆಯ ಶತಮಾನದಲ್ಲಿ ಗೌಡೀಯ ವೈಷ್ಣವ ಪಂಥ ಅರಮನೆಯಲ್ಲಿ ನೆಲೆಯೂರಿತು. ಮಣಿಪುರದ ಅರಸ ರಾಜರ್ಷಿ ಭಾಗ್ಯಚಂದ್ರ 1779ರಲ್ಲಿ ಮಹಾರಾಸ್ ಎಂಬ ರಾಸಲೀಲೆ ಆಡಿಸಿದ. ರಾಸಲೀಲೆಯ ರಾಧೆ ಕಾಯುತ್ತಾಳೆ, ಕೊರಗುತ್ತಾಳೆ, ಮುನಿಸಿಕೊಳ್ಳುತ್ತಾಳೆ. ಥೋಯಿಬಿ ಕಾಯುವವಳಲ್ಲ, ಹೊರಡುವವಳು. ಇಂದಿನ ಯಾವ ಮಣಿಪುರಿ ಪ್ರೇಮಕಥೆ ಹಿಡಿದರೂ ಒಂದು ಪ್ರಶ್ನೆ ಕೇಳಿ ನೋಡಿ: ಈ ನಾಯಕಿ ಕಾಯುತ್ತಿದ್ದಾಳೆಯೇ, ಹೊರಡುತ್ತಿದ್ದಾಳೆಯೇ? ಒಳ್ಳೆಯ ಕಥೆಗಳಲ್ಲಿ ಒಬ್ಬಳೇ ಹುಡುಗಿ ಒಂದರಿಂದ ಇನ್ನೊಂದಕ್ಕೆ ದಾಟುತ್ತಾಳೆ. ಆ ದಾಟುವ ಘಳಿಗೆ ಎಲ್ಲಿದೆ ಎಂದು ಹುಡುಕುತ್ತ ಓದಿದರೆ ಸಾಧಾರಣ ಕಥೆಯೂ ರುಚಿಸುತ್ತದೆ.

ಮೊದಲ ಕಾದಂಬರಿಗಳು: ಆಸಕ್ತಿ ಇದ್ದವರಿಗೆ ಮಾತ್ರ

ಲಮಾಬಮ್ ಕಮಲ್ ಅವರ ‘ಮಾಧಬಿ’ 1930ರಲ್ಲಿ ಬಂತು. ಕಮಲ್ ವೈದ್ಯರು, ಕವಿ. ಗದ್ಯದಲ್ಲೂ ಬೆಟ್ಟ, ಹೂವು, ಋತುಗಳ ವರ್ಣನೆ ದಟ್ಟ. ಪ್ರೀತಿ ಎಂದರೆ ತ್ಯಾಗ ಎಂಬ ದನಿ ಇಲ್ಲಿಯದು. ಅಂಗಾಂಘಲ್ ಅವರ ‘ಜಹೇರಾ’ ಪಂಗಲ್ ಹುಡುಗಿ ಮತ್ತು ಹಿಂದೂ ಮೈತೇಯಿ ಹುಡುಗನ ಪ್ರೇಮದ ಕಥೆ. ಇವೆರಡರಲ್ಲಿ ಒಂದನ್ನೇ ಆರಿಸುವುದಾದರೆ ‘ಜಹೇರಾ’. ಎರಡು ಧರ್ಮಗಳ ನಡುವೆ ಸಿಕ್ಕ ಪ್ರೀತಿ ಇಂದಿನ ಕಥೆಗಳಲ್ಲೂ ಬಿಡಿಸಲಾಗದ ಗಂಟಾಗಿಯೇ ಉಳಿದಿದೆ. ಅದನ್ನು ಮೊದಲು ಕಟ್ಟಿದವರು ಹೇಗೆ ಕಟ್ಟಿದರು ಎಂದು ನೋಡಬಹುದು. ಕನ್ನಡದ ನವೋದಯ ಕಾಲದ ಕಾದಂಬರಿಗಳ ಗತಿ ಹಿಡಿಸುವವರಿಗೆ ಇವು ಹಿಡಿಸುತ್ತವೆ. ಬೇಗ ಬೇಗ ಸಾಗುವ ಕಥೆ ಬೇಕಾದವರು ಇದನ್ನು ಬಿಟ್ಟು ಮುಂದಕ್ಕೆ ಹೋಗಬಹುದು, ನಷ್ಟವಿಲ್ಲ.

ಬಿನೋದಿನಿ: ಹೆಚ್ಚಿನವರಿಗೆ ಇದೇ ಸರಿಯಾದ ಬಾಗಿಲು

ಎಂ.ಕೆ. ಬಿನೋದಿನಿ ದೇವಿಯವರ ‘ಬೋರೊ ಸಾಹೇಬ್ ಓಂಗ್ಬಿ ಸನಾತೊಂಬಿ’ 1976ರಲ್ಲಿ ಪ್ರಕಟವಾಯಿತು. 1979ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ‘ಓಂಗ್ಬಿ’ ಎಂದರೆ ಇಂಥವರ ಹೆಂಡತಿ. ‘ದೊಡ್ಡ ಸಾಹೇಬನ ಹೆಂಡತಿ ಸನಾತೊಂಬಿ’ ಎಂಬ ಹೆಸರಿನಲ್ಲೇ ಊರಿನವರು ಆಡಿಕೊಳ್ಳುವ ದನಿ ಇದೆ. 1891ರ ಆಂಗ್ಲೋ–ಮಣಿಪುರ ಯುದ್ಧದಲ್ಲಿ ರಾಜ್ಯ ಸೋತಿತು, ಕಾಂಗ್ಲಾ ಕೋಟೆ ಬ್ರಿಟಿಷರ ಕೈಸೇರಿತು, ಯುವರಾಜ ತಿಕೇಂದ್ರಜಿತ್‌ನನ್ನು ಗಲ್ಲಿಗೇರಿಸಿದರು. ಅದೇ ಅರಮನೆಯ ರಾಜಕುಮಾರಿಯೊಬ್ಬಳು ಬ್ರಿಟಿಷ್ ಪೊಲಿಟಿಕಲ್ ಏಜೆಂಟ್ ಮ್ಯಾಕ್ಸ್‌ವೆಲ್‌ನನ್ನು ಪ್ರೀತಿಸಿದರೆ ಏನಾಗುತ್ತದೆ ಎನ್ನುವುದು ವಸ್ತು. ಕೊಡಗಿನ ಕೊನೆಯ ಅರಸರ ಕಾಲದ ಕಥೆ ಓದಿದ ಕನ್ನಡಿಗರಿಗೆ ಅರಮನೆಯ ಒಳಜಗಳ, ರೆಸಿಡೆಂಟನ ನೆರಳು ಹೊಸದಲ್ಲ.

ಇದನ್ನು ಮೊದಲಿಗೆ ಆರಿಸಿ ಎನ್ನಲು ಮೂರು ಕಾರಣ. ಬಿನೋದಿನಿ ಸ್ವತಃ ಮಹಾರಾಜ ಚುರಾಚಂದ್ ಅವರ ಮಗಳು. ಅಂತಃಪುರದ ನಡೆನುಡಿ, ಉಡುಗೆ, ಯಾರು ಯಾರ ಮುಂದೆ ಹೇಗೆ ಕೂರಬೇಕು ಎಂಬುದೆಲ್ಲ ಒಳಗಿನವರ ಕಣ್ಣಿಂದ ಬರುತ್ತದೆ. ಎರಡನೆಯದಾಗಿ, ಆಚಾರಗಳಿಗೂ ಮನಸ್ಸಿಗೂ ನಡೆಯುವ ತಿಕ್ಕಾಟವೇ ಕಥೆಯಾದ್ದರಿಂದ ಆಚಾರ ಏನೆಂದು ಓದುತ್ತಾ ಹೋದಂತೆ ತಿಳಿಯುತ್ತದೆ. ಮೂರನೆಯದಾಗಿ, ಇಂಗ್ಲಿಷ್ ಅನುವಾದ ಸುಲಭವಾಗಿ ಸಿಗುತ್ತದೆ. ಲೇಖಕಿಯ ಮಗ ಎಲ್. ಸೋಮಿ ರಾಯ್ ಮಾಡಿದ ಅನುವಾದವನ್ನು ಪೆಂಗ್ವಿನ್ 2020ರಲ್ಲಿ ‘ದಿ ಪ್ರಿನ್ಸೆಸ್ ಅಂಡ್ ದಿ ಪೊಲಿಟಿಕಲ್ ಏಜೆಂಟ್’ ಎಂಬ ಹೆಸರಿನಲ್ಲಿ ತಂದಿದೆ. ಹೆಸರುಗಳು ಮೊದಲ ಐವತ್ತು ಪುಟಗಳಲ್ಲಿ ಗೊಂದಲ ಮಾಡುತ್ತವೆ, ಏಕೆಂದರೆ ಅರಸು ಮನೆತನದಲ್ಲಿ ಅಣ್ಣತಮ್ಮಂದಿರು, ಮಲಸಹೋದರರು ಬಹಳ. ಹಾಳೆಯೊಂದರಲ್ಲಿ ವಂಶವೃಕ್ಷ ಬರೆದುಕೊಂಡು ಪುಸ್ತಕದೊಳಗೆ ಇಟ್ಟುಕೊಳ್ಳಿ.

ಒಂದೇ ದೊಡ್ಡ ಕಾದಂಬರಿಗೆ ಹೊತ್ತಿಲ್ಲದವರು ಜುಬಾನ್ ಪ್ರಕಾಶನ 2019ರಲ್ಲಿ ತಂದ ‘ಕ್ರಾಫ್ಟಿಂಗ್ ದ ವರ್ಡ್’ ಸಂಕಲನ ನೋಡಬಹುದು. ಮಣಿಪುರದ ಲೇಖಕಿಯರ ಬರಹಗಳು ಅದರಲ್ಲಿವೆ. ಎಲ್ಲವೂ ಪ್ರೇಮಕಥೆಗಳಲ್ಲ. ಆದರೆ ಮದುವೆಯಾದ ಮೇಲೆ ಪ್ರೀತಿ ಏನಾಗುತ್ತದೆ ಎಂದು ತಿಳಿಯಲು ಅಂಥ ಬರಹಗಳಷ್ಟು ನೆರವಾಗುವುದು ಬೇರೆ ಇಲ್ಲ.

ಕಂತುಕಥೆಗಳು: ಇಂದಿನ ಬಿಸಿ, ಅತಿ ಹೆಚ್ಚಿನ ತೊಡಕು

ಮಣಿಪುರದ ಯುವಕ ಯುವತಿಯರು ದಿನವೂ ಓದುವುದು ಇವನ್ನು. ಫೇಸ್‌ಬುಕ್ ಪುಟಗಳಲ್ಲಿ, ಆ್ಯಪ್‌ಗಳಲ್ಲಿ ‘ವಾರಿ’ ಎಂಬ ಹೆಸರಿನೊಡನೆ ಬರುತ್ತವೆ. ವಾರಿ ಎಂದರೆ ಕಥೆ. ಒಂದು ಕಂತು ಐದು ಹತ್ತು ನಿಮಿಷದ ಓದು, ಕೊನೆಯಲ್ಲಿ ಒಂದು ತಿರುವು. ಕಾಲೇಜು, ಕೋಚಿಂಗ್, ಬಂದ್ ದಿನದ ಖಾಲಿ ರಸ್ತೆ, ಕರ್ಫ್ಯೂ ಶುರುವಾಗುವ ಮೊದಲು ಮನೆ ಸೇರಬೇಕಾದ ಅವಸರ, ಓದಿಗೆ ಅಥವಾ ಕೆಲಸಕ್ಕೆ ದೆಹಲಿಗೋ ಬೆಂಗಳೂರಿಗೋ ಹೋದವನ ಫೋನಿಗೆ ಕಾಯುವುದು, ಇವೆಲ್ಲ ಇಲ್ಲಿ ಸಿಗುತ್ತವೆ. ಬೆಂಗಳೂರಿನಲ್ಲಿ ಮಣಿಪುರಿ ಸಹೋದ್ಯೋಗಿ, ಸಹಪಾಠಿ ಇರುವವರಿಗೆ ಅವರು ಬಸ್ಸಿನಲ್ಲಿ ಫೋನ್ ಹಿಡಿದು ಏನು ಓದುತ್ತಾರೆ ಎಂದು ತಿಳಿಯಲು ಇದೇ ದಾರಿ.

ತೊಡಕು ಲಿಪಿಯಿಂದ ಶುರುವಾಗುತ್ತದೆ. ಹಳೆಯ ಮುದ್ರಿತ ಪುಸ್ತಕಗಳು ಬಂಗಾಳಿ ಲಿಪಿಯಲ್ಲಿವೆ. ಶಾಲೆಗಳಲ್ಲಿ 2000ದ ದಶಕದ ನಡುವಿನಿಂದ ಈ ಭಾಷೆಯ ಸ್ವಂತ ಲಿಪಿಯಾದ ಮೈತೇಯಿ ಮಯೆಕ್ ಕಲಿಸುತ್ತಿದ್ದಾರೆ. ಪತ್ರಿಕೆಗಳೂ 2023ರಿಂದ ಅದಕ್ಕೆ ಬದಲಾಗಿವೆ. ಕಂತುಕಥೆಗಳು ಬಹುಪಾಲು ರೋಮನ್ ಅಕ್ಷರದಲ್ಲಿ. ಓದಲು ಬೇಗ ಬರುವುದು ರೋಮನ್, ಆದರೆ ಮೋಸ ಮಾಡುವುದೂ ಅದೇ. ಪ್ರೀತಿ ಎಂಬ ಅರ್ಥದ ‘ನುಂಗ್ಶಿ’ಯನ್ನು ಒಬ್ಬರು ಎಸ್ ಹಾಕಿ, ಇನ್ನೊಬ್ಬರು ಎಸ್ ಎಚ್ ಹಾಕಿ ಬರೆಯುತ್ತಾರೆ, ಹುಡುಕಿದರೆ ಅರ್ಧ ಕಥೆಗಳು ಸಿಗುವುದೇ ಇಲ್ಲ. ಎರಡೂ ಬಗೆಯಲ್ಲಿ ಹುಡುಕಿ. ಜೊತೆಗೆ ಈ ಭಾಷೆಯಲ್ಲಿ ಸ್ವರದ ಏರಿಳಿತದಿಂದ ಅರ್ಥ ಬದಲಾಗುತ್ತದೆ. ರೋಮನ್ ಬರಹ ಅದನ್ನು ತೋರಿಸುವುದಿಲ್ಲ.

ನಾಲ್ಕೈದು ಕಥೆಗಿಂತ ಹೆಚ್ಚು ಓದುವ ಮನಸ್ಸಿದ್ದರೆ ಮೈತೇಯಿ ಮಯೆಕ್ ಕಲಿಯಿರಿ. ಕನ್ನಡಿಗರಿಗೆ ಇದು ಕಷ್ಟವಲ್ಲ. ಮೂಲಾಕ್ಷರ 27, ಉಚ್ಚಾರಾಂಶದ ಕೊನೆಯ ವ್ಯಂಜನಕ್ಕೆ ‘ಲೋನ್ಸುಮ್’ 8, ಸ್ವರಚಿಹ್ನೆಗೆ ‘ಚೈತಪ್’ 8. ಚೈತಪ್ ನಮ್ಮ ಕಾಗುಣಿತದಂತೆಯೇ ವ್ಯಂಜನಕ್ಕೆ ಅಂಟುತ್ತದೆ. ಅಕ್ಷರಗಳಿಗೆ ಮೈಯ ಅಂಗಗಳ ಹೆಸರು: ‘ಕೋಕ್’ ಎಂದರೆ ತಲೆ, ಅದು ಕ, ‘ಸಮ್’ ಕೂದಲು, ಅದು ಸ, ‘ಲಾಯ್’ ಹಣೆ, ಅದು ಲ, ‘ಮಿತ್’ ಕಣ್ಣು, ಅದು ಮ. ದಿನಕ್ಕೆ ಅರ್ಧ ಗಂಟೆ ಕೊಟ್ಟರೆ ಎರಡು ಮೂರು ವಾರದಲ್ಲಿ ತಡವರಿಸಿಯಾದರೂ ಓದಬಹುದು. ಫೋನಿನಲ್ಲಿ ಅಕ್ಷರದ ಬದಲು ಚೌಕ ಡಬ್ಬಿಗಳು ಕಂಡರೆ ನೋಟೊ ಸಾನ್ಸ್ ಮೈತೇಯಿ ಮಯೆಕ್ ಫಾಂಟ್ ಹಾಕಿಕೊಳ್ಳಿ.

ಗೂಗಲ್ ಅನುವಾದದಲ್ಲಿ 2022ರ ಮೇ ತಿಂಗಳಿಂದ ಮೈತೇಯಿಲೋನ್ ಇದೆ. ಅದು ಮೈತೇಯಿ ಮಯೆಕ್‌ಗೆ ಹೊಂದಿದ್ದು, ರೋಮನ್ ಬರಹ ಅಂಟಿಸಿದರೆ ಹೊಂದುವುದಿಲ್ಲ. ಇನ್ನೂ ದೊಡ್ಡ ಸಮಸ್ಯೆ ಸರ್ವನಾಮದ್ದು. ‘ಮಹಾಕ್ ಲಾಕ್ಲೆ’ ಎಂದರೆ ‘ಅವನು ಬಂದ’ ಎಂದೂ ಆಯಿತು, ‘ಅವಳು ಬಂದಳು’ ಎಂದೂ ಆಯಿತು. ಮಹಾಕ್ ಎಂಬುದಕ್ಕೆ ಲಿಂಗವಿಲ್ಲ, ಕ್ರಿಯಾಪದವೂ ಬದಲಾಗುವುದಿಲ್ಲ. ಬಂದದ್ದು ಯಾರೆಂದು ಮರೆಯಲ್ಲಿಟ್ಟು ಕಂತು ಮುಗಿಸುವುದು ಲೇಖಕರಿಗೆ ಸಲೀಸು. ಯಂತ್ರ ಅಲ್ಲಿ ತನಗೆ ತೋಚಿದ ಲಿಂಗ ಹಾಕಿ ಗುಟ್ಟು ರಟ್ಟು ಮಾಡುತ್ತದೆ, ಇಲ್ಲವೇ ಪ್ರಿಯಕರನನ್ನು ಹುಡುಗಿಯನ್ನಾಗಿ ಮಾಡುತ್ತದೆ. ಕನ್ನಡಕ್ಕೆ ತರುವವರೂ ಇಲ್ಲಿ ಎಡವುತ್ತಾರೆ; ‘ಬಾಗಿಲ ಹತ್ತಿರ ಯಾರೋ ಬಂದ ಸದ್ದಾಯಿತು’ ಎಂದು ವಾಕ್ಯವನ್ನೇ ತಿರುಗಿಸಿಕೊಳ್ಳಬೇಕು.

ಕನ್ನಡಕ್ಕೆ ಅನುಕೂಲವಾಗಿರುವ ಸಂಗತಿಯೂ ಒಂದಿದೆ. ‘ಅದೋಮ್’ ಎಂದರೆ ನೀವು, ‘ನಂಗ್’ ಎಂದರೆ ನೀನು. ಹುಡುಗಿ ಅದೋಮ್ ಬಿಟ್ಟು ನಂಗ್ ಎಂದ ಕಂತು ಯಾವುದೆಂದು ಓದುಗರು ನೆನಪಿಟ್ಟುಕೊಳ್ಳುತ್ತಾರೆ. ಇಂಗ್ಲಿಷ್ ಅನುವಾದದಲ್ಲಿ ಇದು ಕಾಣೆಯಾಗುತ್ತದೆ, ಕನ್ನಡದಲ್ಲಿ ಹಾಗೇ ಉಳಿಸಬಹುದು. ಇನ್ನು, ವಯಸ್ಸಿನಲ್ಲಿ ಹಿರಿಯ ಹುಡುಗನನ್ನು ‘ತಾದಾ’, ‘ತಾಮೊ’ ಎನ್ನುವುದು ಅಲ್ಲಿ ಸಾಮಾನ್ಯ ಮರ್ಯಾದೆ. ಅಣ್ಣ ಎಂಬ ಅರ್ಥದ ಈ ಮಾತು ಕಂಡ ಮಾತ್ರಕ್ಕೆ ಅವರಿಬ್ಬರೂ ಒಡಹುಟ್ಟಿದವರು ಎಂದು ತೀರ್ಮಾನಿಸಬೇಡಿ.

ಕಥೆಯ ನಡುವೆ ಇದ್ದಕ್ಕಿದ್ದಂತೆ ಯಾರೋ ‘ನಿಮ್ಮ ಯೆಕ್ ಯಾವುದು?’ ಎಂದು ಕೇಳಿದರೆ ಅದು ಗಂಡಾಂತರದ ಸೂಚನೆ. ಮೈತೇಯಿಗಳಲ್ಲಿ ಮಂಗಾಂಗ್, ಲುವಾಂಗ್, ಖುಮನ್, ಅಂಗೋಮ್, ಮೊಯಿರಾಂಗ್ ಮೊದಲಾದ ಏಳು ‘ಯೆಕ್ ಸಲಾಯ್’ಗಳಿವೆ; ಒಂದೇ ಯೆಕ್‌ನೊಳಗೆ ಮದುವೆ ನಿಷಿದ್ಧ. ನಮ್ಮ ಸಗೋತ್ರದ ಹಾಗೆ, ತುಳುನಾಡಿನ ಬಳಿಯ ಹಾಗೆ. ಮನೆತನದ ಹೆಸರು ಬೇರೆ ಬೇರೆ ಇದ್ದರೂ ಯೆಕ್ ಒಂದೇ ಇರಬಹುದು, ಹಾಗಾಗಿ ಪ್ರೀತಿ ಬಲಿತ ಮೇಲೆ ಇದು ತಿಳಿಯುತ್ತದೆ.

ಹಬ್ಬಗಳೂ ಸುಮ್ಮನೆ ಬರುವುದಿಲ್ಲ. ಹೋಳಿಯ ಹೊತ್ತಿನ ಐದು ದಿನಗಳ ಯಾವೊಶಾಂಗ್‌ನಲ್ಲಿ ‘ಥಾಬಲ್ ಚೊಂಗ್ಬ’ ಎಂಬ ಬೆಳದಿಂಗಳ ಕುಣಿತ. ಹುಡುಗ ಹುಡುಗಿಯರು ಕೈ ಕೈ ಹಿಡಿದು ಸುತ್ತು ಹಾಕುತ್ತಾರೆ. ಎಲ್ಲರೆದುರು ಅಪರಿಚಿತನ ಕೈ ಹಿಡಿಯಲು ಸಮ್ಮತಿ ಇರುವ ಹೊತ್ತು ಅದು, ಆದ್ದರಿಂದ ಮೊದಲ ಭೇಟಿಗೆ ಲೇಖಕರು ಅದನ್ನೇ ಆರಿಸುತ್ತಾರೆ. ಹಿಯಾಂಗೈ ತಿಂಗಳ ಬಿದಿಗೆಯಂದು ‘ನಿಂಗೋಲ್ ಚಾಕೌಬ’, ಮದುವೆಯಾದ ಹೆಣ್ಣುಮಕ್ಕಳನ್ನು ತವರಿನವರು ಊಟಕ್ಕೆ ಕರೆಯುವ ದಿನ. ಪಂಚಮಿಗೆ ಅಣ್ಣ ಕರೆಯಲು ಬರುತ್ತಾನೋ ಇಲ್ಲವೋ ಎಂದು ಬಾಗಿಲು ಕಾಯ್ದ ಉತ್ತರ ಕರ್ನಾಟಕದ ಹೆಣ್ಣುಮಕ್ಕಳಿಗೆ ಇದನ್ನು ವಿವರಿಸಬೇಕಿಲ್ಲ. ಓಡಿಹೋಗಿ ಮದುವೆಯಾದವಳ ಮೊದಲ ನಿಂಗೋಲ್ ಚಾಕೌಬ ಎಂದರೆ ತವರು ಅವಳನ್ನು ಕ್ಷಮಿಸಿದೆಯೇ ಎಂಬ ತೀರ್ಪಿನ ದಿನ.

ಕಂತುಕಥೆ ಹಿಡಿಯುವ ಮೊದಲು ಕೊನೆಯ ಕಂತು ಬಂದಿದೆಯೇ ನೋಡಿ. ನಡುವಲ್ಲೇ ನಿಂತವು ಬೇಕಾದಷ್ಟಿವೆ. 2023ರ ಮೇ 3ರಂದು ಹಿಂಸೆ ಭುಗಿಲೆದ್ದ ಮೇಲೆ ಮಣಿಪುರದಲ್ಲಿ ತಿಂಗಳುಗಟ್ಟಲೆ ಇಂಟರ್‌ನೆಟ್ ಸ್ಥಗಿತವಾಗಿತ್ತು. ಆ ಕಾಲದ ಕಥೆಯಲ್ಲಿ ದೊಡ್ಡ ಅಂತರ ಕಂಡರೆ ಲೇಖಕರ ಸೋಮಾರಿತನ ಎಂದುಕೊಳ್ಳಬೇಡಿ. ಒಬ್ಬರ ಕಥೆಯನ್ನು ಇನ್ನೊಬ್ಬರು ಹೆಸರಿಲ್ಲದೆ ಹಂಚುವುದೂ ಉಂಟು, ಮೂಲ ಪುಟ ಹುಡುಕಿ ಅಲ್ಲೇ ಓದಿ.

ಓದಲಾಗದವರಿಗೆ

ಸುಮಾಂಗ್ ಲೀಲಾ ಅಂಗಳದಲ್ಲಿ ಆಡುವ ನಾಟಕ. ನಾಲ್ಕೂ ಕಡೆ ಜನ ಕೂರುತ್ತಾರೆ, ಪರದೆ ಇಲ್ಲ. ಗಂಡಸರ ತಂಡಗಳಲ್ಲಿ ಹೆಣ್ಣಿನ ಪಾತ್ರ ಮಾಡುವವರಿಗೆ ‘ನುಪಾ ಶಬಿ’ ಎನ್ನುತ್ತಾರೆ. ಯಕ್ಷಗಾನದ ಸ್ತ್ರೀವೇಷ ನೋಡಿ ಬೆಳೆದವರಿಗೆ ಅವರ ಕೈಯ ಒಯ್ಯಾರ, ಕಣ್ಣಿನ ಮಾತು ಕೂಡಲೇ ಹಿಡಿಸುತ್ತದೆ. ಸಿನಿಮಾ ಆರಿಸುವುದಾದರೆ ಇಂಗ್ಲಿಷ್ ಅಡಿಬರಹ ಇರುವುದನ್ನು ಆರಿಸಿ, ಮತ್ತು ಮದುವೆಯ ದೃಶ್ಯದಲ್ಲಿ ವಧುವಿನ ಉಡುಗೆ ಗಮನಿಸಿ. ಪೂರ್ಣ ಲುಹೊಂಗ್ಬ ಆದರೆ ಗಟ್ಟಿಯಾಗಿ ದುಂಡಗೆ ನಿಲ್ಲುವ ‘ಪೋತ್ಲೊಯಿ’ ಉಟ್ಟಿರುತ್ತಾಳೆ, ವರನನ್ನು ಏಳು ಸುತ್ತು ಬರುತ್ತಾಳೆ. ಬರೀ ಫನೆಕ್ ಎಂಬ ಲುಂಗಿಯಂಥ ಉಡುಗೆ ಉಟ್ಟು, ಮೇಲೆ ಇನ್ನಫಿ ಎಂಬ ಶಾಲು ಹೊದ್ದು, ನಾಲ್ಕು ಜನರ ನಡುವೆ ತಲೆ ಬಾಗಿಸಿ ಕುಳಿತಿದ್ದರೆ ಅವಳ ತವರಿನಿಂದ ಯಾರು ಬಂದಿದ್ದಾರೆ ಎಂದು ಹಿಂದಿನ ಸಾಲಿನಲ್ಲಿ ಹುಡುಕಿ.